ಮೈತ್ರಿಯ ದಾಖಲೆ ಪುಸ್ತಕದಲ್ಲಿ ಎರಡು ಖಾಲಿ ಸಾಲುಗಳು

ಅಂಟಾರ್ಕ್ಟಿಕದ ಶಿರ್ಮಾಕರ್ ಓಯಸಿಸ್ ಎಂಬ ಕಲ್ಲುನೆಲದ ಮೇಲೆ 1989ರಿಂದ ನಡೆಯುತ್ತಿರುವ ಭಾರತದ ಮೈತ್ರಿ ಸಂಶೋಧನಾ ಕೇಂದ್ರದಲ್ಲಿ ನಾನು ಒಂದು ಚಳಿಗಾಲ ಹವಾಮಾನ ವೀಕ್ಷಕನಾಗಿದ್ದೆ. ಮೂರು ಗಂಟೆಗೊಮ್ಮೆ ಹೊರಗೆ ಹೋಗಿ ಉಷ್ಣಮಾಪಕವನ್ನು ಓದಿ, ಗಾಳಿ, ಮೋಡ, ಗೋಚರತೆಗಳನ್ನು ಬರೆದು ಕಳುಹಿಸುವುದು ನನ್ನ ಕೆಲಸವಾಗಿತ್ತು.

ಜೂನ್ ತಿಂಗಳು, ಸುಮಾರು ಎರಡು ತಿಂಗಳು ಸೂರ್ಯನೇ ಹುಟ್ಟದ ಕತ್ತಲೆಯ ನಡುಭಾಗ. ಒಂದು ರಾತ್ರಿ ಹಿಮಬಿರುಗಾಳಿ ಎದ್ದು, ದಾರಿ ತಪ್ಪದಿರಲೆಂದು ಕಟ್ಟಿದ್ದ ಹಗ್ಗವನ್ನು ಹಿಡಿದವನಿಗೆ ತನ್ನ ಕೈಯೇ ಕಾಣದಂತಾದಾಗ, ಯಾರೂ ಹೊರಗೆ ಹೋಗಬಾರದೆಂದು ತಂಡದ ನಾಯಕರು ತಿಳಿಸಿದರು. ಎರಡು ವೀಕ್ಷಣೆಗಳು ತಪ್ಪಿದವು. ವಾಯುಭಾರಮಾಪಕ ಒಳಗಿದ್ದುದರಿಂದ ಒತ್ತಡ ಸಿಕ್ಕಿತು, ಉಷ್ಣಾಂಶ ಸಿಗಲಿಲ್ಲ. ಪುಟ ಪೂರ್ತಿಯಾಗಿರಬೇಕೆಂಬ ಹಂಬಲದಿಂದ, ಹಿಂದಿನ ಹಾಗೂ ಮುಂದಿನ ಅಂಕಿಗಳನ್ನು ನೋಡಿ ಅಂದಾಜಿನ ಎರಡು ಅಂಕಿಗಳನ್ನು ನಾನು ಬರೆದುಬಿಟ್ಟೆ.

ಹಿರಿಯ ಸಹೋದ್ಯೋಗಿ ಅವುಗಳ ಮೇಲೆ ಬೆರಳಿಟ್ಟು, ಇವನ್ನು ನೀವು ಕಣ್ಣಾರೆ ಓದಿದ್ದೀರಾ ಎಂದು ಕೇಳಿದರು. ಇಲ್ಲವೆಂದೆ. ಅವರು ಕೋಪಿಸಿಕೊಳ್ಳದೆ, ಪಕ್ಕದಲ್ಲಿ ಕುಳಿತು ಕಾರಣವನ್ನು ವಿವರಿಸಿದರು. ಗಾಳಿ ಶಾಂತವಾಗಿರುವ ಧ್ರುವರಾತ್ರಿಯಲ್ಲಿ ಅತಿ ತಣ್ಣನೆಯ, ಭಾರವಾದ ಗಾಳಿ ನೆಲಕ್ಕೆ ಅಂಟಿಕೊಂಡಂತೆ ನಿಂತಿರುತ್ತದೆ. ಬಿರುಗಾಳಿ ಅದನ್ನು ಕಲಕಿ ಮೇಲಿನ ಬೆಚ್ಚನೆಯ ಗಾಳಿಯೊಡನೆ ಬೆರೆಸುವುದರಿಂದ ಉಷ್ಣಾಂಶ ಕೆಲವೇ ಗಂಟೆಗಳಲ್ಲಿ ಏರಿಬಿಡಬಹುದು. ನನ್ನ ಅಂದಾಜು ಅಳಿಸಿಹಾಕುತ್ತಿದ್ದುದು ಇಂಥ ಏರಿಕೆಯನ್ನೇ. ಬಿರುಗಾಳಿಯ ಬಗ್ಗೆ ತಿಳಿಯಬೇಕಾದವರಿಗೆ ಆ ರಾತ್ರಿಯಲ್ಲಿ ಏನೂ ಆಗಲಿಲ್ಲವೆಂದು ನನ್ನ ಪುಟ ಹೇಳುತ್ತಿತ್ತು.

ಅಂಟಾರ್ಕ್ಟಿಕದಲ್ಲೇ ಇರುವ ಬ್ರಿಟನ್ನಿನ ಹ್ಯಾಲಿ ಸಂಶೋಧನಾ ಕೇಂದ್ರದ ಮಾತನ್ನೂ ಅವರೇ ತೆಗೆದರು. ಅಲ್ಲಿ 1950ರ ದಶಕದಿಂದ ವರ್ಷ ವರ್ಷವೂ ಓಜೋನನ್ನು ಅಳೆದು ಬರೆದಿಟ್ಟಿದ್ದರಿಂದಲೇ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು ವಿಜ್ಞಾನಿಗಳಿಗೆ 1985ರಲ್ಲಿ ಅಂಟಾರ್ಕ್ಟಿಕದ ವಸಂತದಲ್ಲಿ ಓಜೋನ್ ತೀವ್ರವಾಗಿ ಕುಸಿಯುತ್ತಿದೆಯೆಂದು ಜಗತ್ತಿಗೆ ತೋರಿಸಲು ಸಾಧ್ಯವಾಯಿತು. ಹಳೆಯ ಅಂಕಿಗಳಲ್ಲಿ ಅಂದಾಜುಗಳು ಬೆರೆತಿದ್ದರೆ ಆ ಕುಸಿತವನ್ನು ಯಾವುದಕ್ಕೆ ಹೋಲಿಸಿ ನೋಡಬೇಕಿತ್ತು?

ನಾನು ಬರೆದದ್ದು ಓದಲು ಸಿಗುವಂತೆಯೇ ಒಂದೇ ಗೆರೆ ಎಳೆದು, ಪಕ್ಕದಲ್ಲಿ ‘ಹಿಮಬಿರುಗಾಳಿ, ಹೊರಗೆ ಹೋಗಲಾಗಲಿಲ್ಲ’ ಎಂದು ಬರೆದು ಸಹಿ ಹಾಕಿದೆ. ಬೇಸಿಗೆಯಲ್ಲಿ ಬಂದ ಹೊಸ ವೀಕ್ಷಕರಿಗೆ ಪುಸ್ತಕ ಒಪ್ಪಿಸುವಾಗ ಮೊದಲು ತೆರೆದು ತೋರಿಸಿದ್ದು ಆ ಪುಟವನ್ನೇ.