ಸೂಲ್ ಊರಿನ ಐಟ್ ಕೋವಿ

ಓಹಾಯೊ, 19 ನವೆಂಬರ್ 2023, ಭಾನುವಾರ

ಹರಾಜಿನಲ್ಲಿ ಕೊಂಡಿದ್ದ ಜರ್ಮನ್ ಗುರಿಕೋವಿಯ ನಳಿಗೆಯನ್ನು ಇಂದು ಹಿಡಿಮರದಿಂದ ಬೇರ್ಪಡಿಸಿ, ಅದರ ತಳದಲ್ಲಿದ್ದ ಮುದ್ರೆಗಳನ್ನು ಭೂತಗನ್ನಡಿ ಹಿಡಿದು ಓದಿದೆ. ಕಿರೀಟದಡಿಯಲ್ಲಿ ಬಿ, ಯು, ಜಿ ಅಕ್ಷರಗಳು ಸ್ಪಷ್ಟವಾಗಿವೆ. ಇವು ಕೋವಿಗಳ ನಳಿಗೆಯನ್ನು ಪರೀಕ್ಷಿಸಿ ಮುದ್ರೆಯೊತ್ತಲು ಜರ್ಮನಿ ಮಾಡಿದ 1891ರ ಪರೀಕ್ಷಾ ಕಾಯ್ದೆಯ ಗುರುತುಗಳು. ಕಾಯ್ದೆ 1893ರಲ್ಲಿ ಜಾರಿಗೆ ಬಂದಾಗ ಅಂಗಡಿಗಳಲ್ಲಿ ಉಳಿದಿದ್ದ ಹಳೆಯ ಕೋವಿಗಳಿಗೆ ಒತ್ತುತ್ತಿದ್ದ ವಿ ಮುದ್ರೆ ಇಲ್ಲಿಲ್ಲವಾದ್ದರಿಂದ, ಮಾರಿದವರು ಹೇಳಿದ 1885ನೆಯ ಇಸವಿಯನ್ನು ನಾನು ನಂಬಲಾರೆ. ಅಮೆರಿಕದ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮುಂಚೆ ತಯಾರಾದವು ಮಾತ್ರ ಪುರಾತನ ಎನಿಸಿಕೊಳ್ಳುವುದರಿಂದ ಈ ವಿಚಾರಣೆ ಬರಿಯ ಹವ್ಯಾಸವಲ್ಲ.

ಕಾರ್ಲ್ ವಿಲ್ಹೆಲ್ಮ್ ಐಟ್ 1884ರಲ್ಲಿ ಪೇಟೆಂಟ್ ಪಡೆದ ಈ ಕೋವಿಯ ರಚನೆಯನ್ನು ಜರ್ಮನಿಯ ಸೂಲ್ ಊರಿನ ಹೇನೆಲ್ ಕಾರ್ಖಾನೆ ತಯಾರಿಸುತ್ತಿತ್ತು. ಕೆಳಗಿನ ಸನ್ನೆಯನ್ನು ಎಳೆದರೆ, ಮುಂಭಾಗದ ಗೂಟದ ಮೇಲೆ ತಿರುಗುವ ಉಕ್ಕಿನ ತುಂಡು ಕಮಾನಿನಂತೆ ಬಾಗಿ ಇಳಿದು ತೋಟಾದ ಮನೆಯನ್ನು ತೆರೆಯುತ್ತದೆ. ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕುದುರೆಗಳು ಇದರಲ್ಲಿ ಎರಡಿವೆ; ಒಂದನ್ನು ಮೊದಲು ಎಳೆದು ಸಜ್ಜುಗೊಳಿಸಿದರೆ ಇನ್ನೊಂದು ಬೆರಳು ಸೋಕುವಷ್ಟರಲ್ಲಿ ಬಿಡುಗಡೆಯಾಗುತ್ತದೆ. ಅಭ್ಯಾಸವಿಲ್ಲದವರ ಕೈಗೆ ಇದನ್ನು ಕೊಡಬಾರದು. ಕೆನ್ನೆಗೆಂದು ತೋಡಿದ ಹಿಡಿಮರವೂ ತೋಳಿಗೆ ಸಿಕ್ಕಿಕೊಳ್ಳುವ ಕೊಕ್ಕೆಯೂ ನಿಂತು ಹೊಡೆಯುವವನಿಗಷ್ಟೇ ಹೊಂದುತ್ತವೆ. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಕಾಡಿಗೆ ಒಯ್ಯುವ ಕೋವಿಯಿಂದಲೇ ತೆಂಗಿನಕಾಯಿಗೆ ಗುರಿಯಿಡುವ ಕೊಡಗಿನವನಾದ ನನಗೆ, ಗುರಿಯ ಹಲಗೆಗಲ್ಲದೆ ಬೇರಾವುದಕ್ಕೂ ಒದಗದ ಇಂತಹ ಆಯುಧ ಮೊದಮೊದಲು ವಿಚಿತ್ರವಾಗಿ ಕಂಡಿತ್ತು.

ಕೊಳ್ಳುವವರು ಮರದ ಮೇಲಿನ ಜಿಂಕೆಯ ಕೆತ್ತನೆಗೆ ಧಾರಾಳವಾಗಿ ಹಣ ಸುರಿಯುತ್ತಾರೆ. ನಾನಾದರೋ ತೋಟಾದ ಮನೆ ಮೂಲರೂಪದಲ್ಲಿದೆಯೇ ಎಂದು ಮೊದಲು ನೋಡುತ್ತೇನೆ, ಏಕೆಂದರೆ ಸುಲಭವಾಗಿ ಸಿಗುವ ತೋಟಾ ಹಿಡಿಸಲೆಂದು ಅದನ್ನು ಕೊರೆದು ಹಿಗ್ಗಿಸಿದ ಕೋವಿ ಎಷ್ಟು ಚಂದವಿದ್ದರೂ ಕೆಟ್ಟ ಕೋವಿಯೇ. ಸೂಲ್‌ನ ಅಡೋಲ್ಫ್ ಫ್ರೋನ್ ರೂಪಿಸಿದ 8.15×46 ಆರ್ ಎಂಬ ಗುರಿಕೋವಿಯ ತೋಟಾದ ಅಳತೆ ಹಳೆಯ ಕೋವಿಗಳಲ್ಲಿ ಒಂದರಿಂದ ಒಂದಕ್ಕೆ ಕೂದಲೆಳೆಯಷ್ಟು ಬದಲಾಗುತ್ತದೆ. ಆದುದರಿಂದ ಬೇಗ ಕರಗುವ ಲೋಹವನ್ನು ಒಳಗೆ ಸುರಿದು, ಅಚ್ಚು ತೆಗೆದು, ಅದನ್ನು ಅಳೆದ ನಂತರವೇ ಸೀಸದ ಗುಂಡನ್ನು ಎರಕ ಹೊಯ್ಯಬೇಕು. ಹಿತ್ತಾಳೆಯ ಚಿಪ್ಪನ್ನು .32-40 ವಿಂಚೆಸ್ಟರ್ ಎಂಬ ಅಮೆರಿಕದ ತೋಟಾದ ಚಿಪ್ಪಿನಿಂದ ಮಾಡಿಕೊಳ್ಳುತ್ತೇನೆ.

ಇಂತಹ ಎಷ್ಟೋ ಕೋವಿಗಳು 1945ರಲ್ಲಿ ಅಮೆರಿಕದ ಸೈನಿಕರ ಸಾಮಾನಿನೊಡನೆ ಇಲ್ಲಿಗೆ ಬಂದವು, ಗುರಿಯಿಡಲು ಕಣ್ಣಿಟ್ಟು ನೋಡುವ ಹಿಂಬದಿಯ ರಂಧ್ರಗುರಿ ಮಾತ್ರ ಹಲವುಗಳಲ್ಲಿ ಕಳೆದುಹೋಗಿದೆ. ನನ್ನದರಲ್ಲಿಯೂ ಅದಿಲ್ಲ. ಅದರ ತಿರುಪಿನ ಸುತ್ತುಗಳ ಅಳತೆಯನ್ನು ಬರೆದಿಟ್ಟುಕೊಂಡಿದ್ದೇನೆ. ಹೊಂದುವ ರಂಧ್ರಗುರಿ ಸಿಗುವವರೆಗೆ ಹೊಸ ತೂತು ಕೊರೆಯುವುದಿಲ್ಲ.