ಡ್ರಾ ಹಾಳೆ ಓದುವಾಗ ಎಲ್ಲಿ ನೋಡಬೇಕು

ಟೆನಿಸ್ ಟೂರ್ನಿಯ ಡ್ರಾ, ಅಂದರೆ ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ, ಹೊರಬಿದ್ದ ಕೂಡಲೇ ಹೆಚ್ಚಿನವರು ಫೈನಲ್‌ನಲ್ಲಿ ಯಾರಿಗೆ ಯಾರು ಸಿಗಬಹುದು ಎಂದು ಲೆಕ್ಕ ಹಾಕತೊಡಗುತ್ತಾರೆ. ಪುರುಷರ ಸಿಂಗಲ್ಸ್‌ನಲ್ಲಿ ಅಷ್ಟು ದೂರದ ಲೆಕ್ಕ ಫಲಿಸುವುದು ಅಪರೂಪ. ಹಾಳೆಯನ್ನು ಎಂಟೆಂಟು ಸಾಲಿನ ತುಂಡುಗಳಾಗಿ ನೋಡಿ. ಯಾವ ತುಂಡಿನಲ್ಲಿ ಯಾರಿದ್ದಾರೆ, ಯಾವ ಹೆಸರಿನ ಮುಂದೆ ಯಾವ ಗುರುತಿದೆ ಎಂಬುದರಲ್ಲೇ ಬೇಕಾದಷ್ಟು ಸುದ್ದಿ ಇರುತ್ತದೆ.

32 ಜನರ ಡ್ರಾದಲ್ಲಿ 8 ಮಂದಿಗೆ ಶ್ರೇಯಾಂಕ (ಸೀಡ್), ಅಂದರೆ ದೊಡ್ಡವರು ಬೇಗ ಎದುರುಬದುರಾಗದಂತೆ ರ್‍ಯಾಂಕಿಂಗ್ ನೋಡಿ ಕೊಡುವ ಸ್ಥಾನ. ಮೊದಲ ಶ್ರೇಯಾಂಕದವನಿಗೆ 1ನೇ ಸಾಲು, ಎರಡನೆಯವನಿಗೆ 32ನೇ ಸಾಲು. ಇವರಿಬ್ಬರಿಗೆ ಚೀಟಿ ಎತ್ತುವ ಮಾತೇ ಇಲ್ಲ. 3 ಮತ್ತು 4ನೆಯವರಿಗೆ ಚೀಟಿ ಎತ್ತಿ 9 ಮತ್ತು 24ನೇ ಸಾಲುಗಳನ್ನು ಹಂಚುತ್ತಾರೆ. 5ರಿಂದ 8ರವರೆಗಿನವರಿಗೆ 8, 16, 17, 25ನೇ ಸಾಲುಗಳು, ಅವೂ ಚೀಟಿಯಲ್ಲೇ. ಹಾಗಾಗಿ 3 ಆದರೂ ಒಂದೇ, 4 ಆದರೂ ಒಂದೇ. 5ಕ್ಕೂ 8ಕ್ಕೂ ಭೇದವಿಲ್ಲ. ಭೇದ ಇರುವುದು 4ಕ್ಕೂ 5ಕ್ಕೂ. ನಾಲ್ಕನೆಯವನಿಗೆ ಅಗ್ರ ಶ್ರೇಯಾಂಕದವ ಸೆಮಿಫೈನಲ್‌ಗೆ ಮುಂಚೆ ಎದುರಾಗುವುದಿಲ್ಲ, ಐದನೆಯವನಿಗೆ ಕ್ವಾರ್ಟರ್‌ಫೈನಲ್‌ನಲ್ಲೇ ಎದುರಾಗಬಹುದು. ಟೂರ್ನಿಗೆ ಮುಂಚಿನ ವಾರಗಳಲ್ಲಿ ಆಟಗಾರರು ಒಂದೊಂದು ಪಾಯಿಂಟ್‌ಗೂ ಯಾಕೆ ಓಡಾಡುತ್ತಾರೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಗ್ರ್ಯಾನ್‌ಸ್ಲಾಂನಲ್ಲಿ 128 ಜನ, 127 ಪಂದ್ಯ, 7 ಸುತ್ತು. 2001ರ ವಿಂಬಲ್ಡನ್‌ನಿಂದ ಅಲ್ಲಿ 32 ಮಂದಿಗೆ ಶ್ರೇಯಾಂಕ ಕೊಡುತ್ತಾರೆ. ಅದಕ್ಕೆ ಮುಂಚೆ 16. ಈ ಬದಲಾವಣೆ ಚಿಕ್ಕದೆನಿಸಿದರೂ ಲೆಕ್ಕ ಹಾಕಿ ನೋಡಿ. ಹಿಂದೆ ಶ್ರೇಯಾಂಕವಿಲ್ಲದವರು 112 ಮಂದಿ, ಅವರಲ್ಲಿ 16 ಜನರಿಗೆ ಮಾತ್ರ ಮೊದಲ ಸುತ್ತಿನಲ್ಲೇ ಶ್ರೇಯಾಂಕಿತ ಎದುರಾಳಿ, ಅಂದರೆ ಏಳರಲ್ಲಿ ಒಬ್ಬನಿಗೆ. ಈಗ 96ರಲ್ಲಿ 32, ಮೂವರಲ್ಲಿ ಒಬ್ಬನಿಗೆ. ದೊಡ್ಡ ಆಟಗಾರರಿಗೆ ಮೂರನೇ ಸುತ್ತಿನವರೆಗೆ ದಾರಿ ಸಲೀಸಾಯಿತು, ಕೆಳಗಿನವರಿಗೆ ಮೊದಲ ಸುತ್ತೇ ಕಷ್ಟವಾಯಿತು. ಮೊದಲೆರಡು ದಿನ ಆಟ ಸಪ್ಪೆ ಎಂದು ಗೊಣಗುವವರಿಗೆ ಕಾರಣ ಇದೇ.

ಅಲ್ಲಿಯ ಶ್ರೇಯಾಂಕದ ಮೆಟ್ಟಿಲುಗಳು 4, 8, 12, 16, 24, 32. ಮೂರನೇ ಸುತ್ತಿನಲ್ಲಿ 25ರಿಂದ 32ರವರೆಗಿನವರನ್ನು ಮೊದಲ ಎಂಟರ ಎದುರಿಗೂ, 17ರಿಂದ 24ರವರೆಗಿನವರನ್ನು 9ರಿಂದ 16ರವರ ಎದುರಿಗೂ ಬರುವಂತೆ ಜೋಡಿಸುತ್ತಾರೆ. ನಾಲ್ಕನೇ ಸುತ್ತಿನಲ್ಲಿ 13ರಿಂದ 16ರವರಿಗೆ ಮೊದಲ ನಾಲ್ವರು, 9ರಿಂದ 12ರವರಿಗೆ 5ರಿಂದ 8ರವರು. ಎಲ್ಲರೂ ನಿರೀಕ್ಷೆಯಂತೆ ಗೆದ್ದರೆ ಎಂಬ ಷರತ್ತು ಇದ್ದೇ ಇದೆ. 33ನೆಯವನಿಗೆ ಯಾವ ರಕ್ಷಣೆಯೂ ಇಲ್ಲ. ಮೊದಲ ದಿನವೇ ಅಗ್ರ ಶ್ರೇಯಾಂಕದವನ ಎದುರು ಬೀಳಬಹುದು.

ಶ್ರೇಯಾಂಕದವ ಡ್ರಾ ಆದಮೇಲೆ ಹಿಂದೆ ಸರಿದರೆ? ಹಾಳೆ ಓದುವವರು ಎಡವುವುದು ಹೆಚ್ಚಾಗಿ ಇಲ್ಲಿ. ಮೊದಲ ದಿನದ ಪಂದ್ಯಗಳ ವೇಳಾಪಟ್ಟಿ ಹೊರಬರುವ ಮುಂಚೆ ಸರಿದರೆ ಡ್ರಾ ಹೊಸದಾಗಿ ಎತ್ತುವುದಿಲ್ಲ, ಕೆಳಗಿನ ಮೆಟ್ಟಿಲಿನವರನ್ನು ಒಬ್ಬೊಬ್ಬರಾಗಿ ಮೇಲಕ್ಕೆ ಜಾರಿಸುತ್ತಾರೆ. 2017ರ ಯುಎಸ್ ಓಪನ್‌ನಲ್ಲಿ ಎರಡನೇ ಶ್ರೇಯಾಂಕದ ಆ್ಯಂಡಿ ಮರ್ರೆ ಹಿಂದೆ ಸರಿದಾಗ ಅವರ ಸಾಲಿಗೆ 5ನೇ ಶ್ರೇಯಾಂಕದ ಮರಿನ್ ಸಿಲಿಕ್ ಬಂದರು. ಸಿಲಿಕ್ ಜಾಗಕ್ಕೆ 17ನೆಯ ಸ್ಯಾಮ್ ಕ್ವೆರ್ರಿ, ಕ್ವೆರ್ರಿ ಜಾಗಕ್ಕೆ ಫಿಲಿಪ್ ಕೋಲ್‌ಶ್ರೈಬರ್, ಕೋಲ್‌ಶ್ರೈಬರ್ ಜಾಗಕ್ಕೆ ಲಕ್ಕಿ ಲೂಸರ್ (ಅರ್ಹತಾ ಸುತ್ತಿನಲ್ಲಿ ಸೋತರೂ ತೆರವಾದ ಜಾಗಕ್ಕೆ ಬರುವವನು) ಲುಕಾಸ್ ಲಾಕೊ. ನಾಲ್ಕು ಸಾಲು ಬದಲಾದರೂ ರಫೆಲ್ ನಡಾಲ್ ಮತ್ತು ರೋಜರ್ ಫೆಡರರ್ ಮೇಲಿನ ಅರ್ಧದಲ್ಲೇ ಉಳಿದರು. ಮರ್ರೆ ಡ್ರಾಗೆ ಮುಂಚೆಯೇ ತಿಳಿಸಿದ್ದರೆ ಫೆಡರರ್ ಎರಡನೇ ಶ್ರೇಯಾಂಕಕ್ಕೆ ಏರಿ ಕೆಳಗಿನ ಅರ್ಧಕ್ಕೆ ಹೋಗುತ್ತಿದ್ದರು. ಕೆಳಗಿನ ಅರ್ಧದಿಂದ ಕೊನೆಗೆ ಫೈನಲ್‌ಗೆ ಬಂದವರು ಕೆವಿನ್ ಆ್ಯಂಡರ್ಸನ್. ಅವರನ್ನು ಸೋಲಿಸಿ ನಡಾಲ್ ಕಪ್ ಎತ್ತಿದರು.

ವೇಳಾಪಟ್ಟಿ ಬಂದಮೇಲೆ ಯಾರು ಸರಿದರೂ ಅವರ ಸಾಲಿಗೆ ನೇರವಾಗಿ ಲಕ್ಕಿ ಲೂಸರ್. ಸಣ್ಣ ಟೂರ್ನಿಗಳಲ್ಲಿ ಇದರ ಮಜಾ ಬೇರೆ. 28 ಜನರ ಡ್ರಾದಲ್ಲಿ ಮೊದಲ ನಾಲ್ವರಿಗೆ ಬೈ, ಅಂದರೆ ಮೊದಲ ಸುತ್ತು ಆಡದೆಯೇ ಮುಂದಕ್ಕೆ ಹೋಗುವ ಅವಕಾಶ, ಇರುತ್ತದಲ್ಲ, ಅವರಲ್ಲೊಬ್ಬ ಕೊನೆ ಗಳಿಗೆಯಲ್ಲಿ ಕೈಕೊಟ್ಟರೆ ಅರ್ಹತಾ ಸುತ್ತಿನಲ್ಲಿ ಸೋತವನು ಆ ಬೈ ಸಮೇತ ಎರಡನೇ ಸುತ್ತಿಗೆ ಬಂದು ನಿಲ್ಲುತ್ತಾನೆ. ಅದಕ್ಕೆ ಅವನು ಊರು ಬಿಟ್ಟಿರಬಾರದು. ಆಟ ಶುರುವಾಗುವ ಮುಂಚೆ ದಿನವೂ ಸಹಿ ಹಾಕಿ, ರಾಕೆಟ್ ಚೀಲ ಹಿಡಿದು ಕಾದಿರಬೇಕು. 2009ರಲ್ಲಿ ನ್ಯೂಪೋರ್ಟ್‌ನಲ್ಲಿ ರಾಜೀವ್ ರಾಮ್, 2017ರಲ್ಲಿ ಉಮಾಗ್‌ನಲ್ಲಿ ಆಂದ್ರೆ ರುಬ್ಲೆವ್ ಲಕ್ಕಿ ಲೂಸರ್ ಆಗಿ ಹಿಂಬಾಗಿಲಿನಿಂದ ಬಂದು ಪ್ರಶಸ್ತಿಯನ್ನೇ ಗೆದ್ದರು.

ಇನ್ನು ಹೆಸರಿನ ಮುಂದಿನ ಗುರುತುಗಳು. ಕ್ಯೂ ಎಂದರೆ ಅರ್ಹತಾ ಸುತ್ತು ಗೆದ್ದವನು. ಇವನನ್ನು ಹಗುರವಾಗಿ ನೋಡಬೇಡಿ: ಅದೇ ಅಂಗಳ, ಅದೇ ಚೆಂಡಿನಲ್ಲಿ ಎರಡು ಮೂರು ಪಂದ್ಯ ಗೆದ್ದು ಬಂದಿರುತ್ತಾನೆ, ಎದುರಾಳಿಗೆ ಅದು ಮೊದಲ ಪಂದ್ಯ. ಡ್ರಾ ಎತ್ತುವಾಗ ಅರ್ಹತಾ ಸುತ್ತು ಮುಗಿದಿರದಿದ್ದರೆ ಆ ಸಾಲಿನಲ್ಲಿ ಹೆಸರಿರುವುದಿಲ್ಲ, ಬರೀ ಗುರುತಿರುತ್ತದೆ. ಡಬ್ಲ್ಯೂಸಿ ಎಂದರೆ ವೈಲ್ಡ್ ಕಾರ್ಡ್, ಸಂಘಟಕರ ಕೃಪೆ. ವಿಂಬಲ್ಡನ್ ಪುರುಷರ ಸಿಂಗಲ್ಸ್ ಅನ್ನು ವೈಲ್ಡ್ ಕಾರ್ಡ್‌ನಲ್ಲಿ ಬಂದು ಗೆದ್ದವರು ಒಬ್ಬರೇ, 2001ರಲ್ಲಿ ಗೋರಾನ್ ಇವಾನಿಸೆವಿಚ್.

ನನಗೆ ಕೇಳಿದರೆ ಮೊದಲು ಹುಡುಕಬೇಕಾದ ಗುರುತು ಪಿಆರ್. ಗಾಯಗೊಂಡು ಕನಿಷ್ಠ ಆರು ತಿಂಗಳು ಆಡದವನಿಗೆ ಕೊಡುವ ರಕ್ಷಿತ ರ್‍ಯಾಂಕಿಂಗ್ ಇದು. ಗಾಯದ ಮೊದಲ ಮೂರು ತಿಂಗಳ ಸರಾಸರಿ ರ್‍ಯಾಂಕಿಂಗ್ ತೆಗೆದುಕೊಳ್ಳುತ್ತಾರೆ. ಟೂರ್ನಿಯ ಒಳಗೆ ಬರಲು ಮಾತ್ರ ಅದು ನಡೆಯುತ್ತದೆ, ಶ್ರೇಯಾಂಕಕ್ಕೆ ನಡೆಯುವುದಿಲ್ಲ. ಹಿಂದೆ ಮೊದಲ ಇಪ್ಪತ್ತರಲ್ಲಿದ್ದವನೂ ಶ್ರೇಯಾಂಕವಿಲ್ಲದೆ ಯಾವುದೋ ಸಾಲಿನಲ್ಲಿ ಕೂತಿರುತ್ತಾನೆ. ಅವನ ಪಕ್ಕದ ಸಾಲಿನವನ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. ಎಸ್‌ಇ ಗುರುತು ಹಿಂದಿನ ವಾರದ ಟೂರ್ನಿಯಲ್ಲಿ ಇನ್ನೂ ಆಡುತ್ತಿದ್ದು, ಇಲ್ಲಿಯ ಅರ್ಹತಾ ಸುತ್ತಿಗೆ ಬರಲಾಗದವನಿಗೆ.

ಮುಂಚೆ ಗ್ರ್ಯಾನ್‌ಸ್ಲಾಂಗಳಲ್ಲಿ ಇನ್ನೊಂದು ರೋಗವಿತ್ತು. ಮೊದಲ ಸುತ್ತಿನ ಹಣ ದೊಡ್ಡದು, ಹಾಗಾಗಿ ಗಾಯವಿದ್ದರೂ ಅಂಗಳಕ್ಕಿಳಿದು ಒಂದು ಸೆಟ್ ಆಡಿ ಕೈಚೆಲ್ಲುವುದು. 2017ರ ವಿಂಬಲ್ಡನ್‌ನಲ್ಲಿ ಒಂದೇ ದಿನ ಸೆಂಟರ್ ಕೋರ್ಟ್‌ನಲ್ಲಿ ಜೊಕೊವಿಚ್ ಮತ್ತು ಫೆಡರರ್ ಇಬ್ಬರ ಎದುರಾಳಿಗಳೂ ಪಂದ್ಯ ಅರ್ಧಕ್ಕೇ ಬಿಟ್ಟರು. 2018ರಿಂದ ನಿಯಮ ಬದಲಾಯಿತು: ಸ್ಥಳಕ್ಕೆ ಬಂದು ಪಂದ್ಯಕ್ಕೆ ಮುಂಚೆ ಹಿಂದೆ ಸರಿದವನಿಗೆ ಮೊದಲ ಸುತ್ತಿನ ಹಣದಲ್ಲಿ ಅರ್ಧ, ಉಳಿದರ್ಧ ಲಕ್ಕಿ ಲೂಸರ್‌ಗೆ. ಆಡಲಾಗದೆಯೂ ಇಳಿದವನಿಗೆ ದಂಡದ ಭಯವೂ ಸೇರಿತು.

ಕಾಯುವವರ ಪಟ್ಟಿಯಿಂದ ಬಂದವನಿಗೆ ಹಾಕುವ ಆಲ್ಟ್ ಎಂಬ ಗುರುತು ಹೆಚ್ಚಾಗಿ ಅರ್ಹತಾ ಸುತ್ತಿನ ಹಾಳೆಯಲ್ಲೇ ಉಳಿದುಹೋಗುತ್ತದೆ, ಅದನ್ನು ನೋಡುವವರೂ ಕಡಿಮೆ. 2025ರ ಶಾಂಘೈ ಮಾಸ್ಟರ್ಸ್‌ಗೆ ವ್ಯಾಲೆಂಟಿನ್ ವಾಶೆರೋ ಬಂದಾಗ ಅವರ ರ್‍ಯಾಂಕಿಂಗ್ 204. ಅರ್ಹತಾ ಸುತ್ತಿಗೂ ಅವರು ಕಾಯುವವರ ಪಟ್ಟಿಯಲ್ಲಿದ್ದರು. ಯಾರೋ ಬರದೆ ಜಾಗ ತೆರವಾಯಿತು. ಸೆಮಿಫೈನಲ್‌ನಲ್ಲಿ ಜೊಕೊವಿಚ್ ಅವರನ್ನು ಸೋಲಿಸಿ, ಫೈನಲ್‌ನಲ್ಲಿ ಸೋದರಸಂಬಂಧಿ ಆರ್ತುರ್ ರಿಂಡರ್‌ಕ್ನೆಕ್ ಅವರನ್ನು 4-6, 6-3, 6-3ರಲ್ಲಿ ಮಣಿಸಿದರು.