ಲೋಹದ ಕೆಲಸಕ್ಕೆ ಓಪನ್ ಸೋರ್ಸ್ ಯಾಕೆ?

ಮೆಟೀರಿಯಲ್ಸ್ ಎಂಜಿನಿಯರ್‌ಗೆ ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶದ ಹುಚ್ಚು ಯಾಕೆ ಅಂತ ಇವತ್ತು ಮತ್ತೆ ಒಬ್ಬರು ಕೇಳಿದರು. ನನಗೆ ಎರಡೂ ಒಂದೇ ಕೆಲಸ, ಒಳಗೇನಿದೆ ಅಂತ ತೆರೆದು ನೋಡುವುದು. ಉಕ್ಕಿನ ತುಂಡನ್ನು ಪಾಲಿಶ್ ಮಾಡಿ, ಆಸಿಡ್ ಹಚ್ಚಿ, ಮೈಕ್ರೋಸ್ಕೋಪ್ ಕೆಳಗಿಟ್ಟರೆ ಒಳಗಿನ ಗ್ರೇನ್‌ಗಳು, ಅಂದರೆ ಲೋಹದ ಸಣ್ಣ ಹರಳುಗಳು ಕಾಣುತ್ತವೆ, ಅವು ಸಣ್ಣದಾದಷ್ಟೂ ಉಕ್ಕು ಸಾಮಾನ್ಯವಾಗಿ ಜಾಸ್ತಿ ಗಟ್ಟಿ. ಅದನ್ನು ನಾನು ಅಳೆಯುವುದು ಇಮೇಜ್‌ಜೆಯಲ್ಲಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ವೈದ್ಯಕೀಯ ಸಂಶೋಧನೆಯ ಚಿತ್ರಗಳಿಗಾಗಿ ಹುಟ್ಟಿದ ತಂತ್ರಾಂಶ ಅದು. ಕೋಡ್ ಎಲ್ಲರಿಗೂ ಸಿಕ್ಕಿದ್ದರಿಂದ ಲೋಹದವರ ಕೈಗೂ ಬಂತು. ಪರಮಾಣುಗಳ ಚಲನೆ ಲೆಕ್ಕ ಹಾಕುವ ಲ್ಯಾಂಪ್ಸ್ ಎಂಬ ತಂತ್ರಾಂಶ ಕೂಡ 2004ರಿಂದ ಓಪನ್ ಸೋರ್ಸ್. ಉತ್ತರದ ಮೇಲೆ ಅನುಮಾನ ಬಂದರೆ ಒಳಗಿನ ಸೂತ್ರವನ್ನೇ ತೆರೆದು ನೋಡಬಹುದು. ಸುಮ್ನೆ ಸಂಖ್ಯೆ ನಂಬಿ ರಿಪೋರ್ಟಿಗೆ ಸಹಿ ಹಾಕಲು ನನಗೆ ಮನಸ್ಸು ಬರುವುದಿಲ್ಲ, ನಾನು ಪರೀಕ್ಷಿಸಿದ ಲೋಹದ ಭಾಗವನ್ನು ನಂಬಿ ಯಾರೋ ಪ್ರಯಾಣ ಮಾಡುತ್ತಾರೆ ಅಲ್ವಾ. ಗ್ರೇನ್ ಅಳೆಯುವ ನನ್ನ ಪೈಥಾನ್ ಸ್ಕ್ರಿಪ್ಟನ್ನೂ ಈ ವಾರ ಎಲ್ಲರಿಗೂ ತೆರೆದಿಡುತ್ತಿದ್ದೇನೆ, ಬೇಕಾದವರು ತಗೊಳ್ಳಿ, ತಿದ್ದಿ.